ಎರಡು ಹುಣಸೆಮರ, ಒಂದು ಅಂಕಣ

ಹುಣಸೆಹಣ್ಣು ಜಜ್ಜಿ ಬೀಜ ಬಿಡಿಸುತ್ತಿದ್ದೆ. ಚಳ್ಳಕೆರೆಯಲ್ಲಿ ಬಿಸಿಲು ಹತ್ತಿತೆಂದರೆ ನಮ್ಮ ಓಣಿಯ ಎಲ್ಲ ಅಂಗಳಗಳಲ್ಲೂ ಇದೇ ಸದ್ದು. ವರ್ಷಕ್ಕಾಗುವಷ್ಟು ಹಣ್ಣು ತಂದು, ಓಡು ತೆಗೆದು, ನಾರು ಎಳೆದು, ಒಂದೊಂದನ್ನೇ ಕಲ್ಲಿನ ಮೇಲಿಟ್ಟು ಜಜ್ಜಿ, ಬೀಜ ತೆಗೆದು, ಕಲ್ಲುಪ್ಪು ಬೆರೆಸಿ ಜಾಡಿಗೆ ಒತ್ತಿ ತುಂಬಿದರೆ ಮುಂದಿನ ಬೇಸಿಗೆಯವರೆಗೆ ಸಾರಿನ ಚಿಂತೆಯಿಲ್ಲ. ಅರ್ಧ ಮುಗಿದಿತ್ತು, ಅರ್ಧ ಗೋಣಿತಾಟಿನ ಮೇಲೆ ಹರಡಿತ್ತು. ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಕೈಯೆಲ್ಲ ಅಂಟು. ಕಿರುಬೆರಳಿನಿಂದ ಒತ್ತಿ ಕಿವಿ ಬಗ್ಗಿಸಿದೆ.

"ಅಕ್ಕಾ," ಅಂದಳು ಮೊಳಕಾಲ್ಮೂರಿನಲ್ಲಿರುವ ನನ್ನ ತಂಗಿ. ಅಷ್ಟೇ. ಹಿಂದೆ ಹೆಂಗಸರು ಗೋಳಾಡುವುದು ಕೇಳಿಸಿತು. ಯಾರೋ ಅವಳ ಕೈಯಿಂದ ಫೋನು ಇಸಕೊಂಡರು.

"ನಿಮ್ ತಂಗಿ ಗಂಡ ಹೋಗ್ಬಿಟ್ರು ಕಣವ್ವ. ಬೆಳಿಗ್ಗೆ ಹಾಸಿಗೆ ಹೊಲೀತಾ ಕುಂತೋರು ಹಂಗೇ ಅದ್ರ ಮ್ಯಾಲೆ ವಾಲಿದ್ರು. ಸಂಜೆ ನಾಲ್ಕೂವರೆ ನಮಾಜಾದ ಮ್ಯಾಲೆ ಮಣ್ಣು. ಬೇಗ ಬರ್ರಿ."

ಎಣ್ಣೆ ಮಿಲ್ಲಿನಲ್ಲಿದ್ದ ನನ್ನ ಯಜಮಾನರಿಗೆ ಬಸ್ ಸ್ಟ್ಯಾಂಡಿಗೆ ಬರಲು ಫೋನು ಮಾಡಿ, ಗೋಣಿತಾಟನ್ನು ಹಾಗೇ ಬಿಟ್ಟು, ಸೀರೆ ಬದಲಿಸಿ ಬುರ್ಖಾ ಹಾಕಿಕೊಂಡು ಹೊರಟೆ. ಉಗುರಿನ ಸಂದಿನಲ್ಲಿ ಹುಳಿ ಹಾಗೇ ಇತ್ತು.

ನನಗೊಂದು ರೂಢಿಯಿದೆ. ದಿನಾ ಸಂಜೆ ನಮಾಜಾದ ಮೇಲೆ ಬೆರಳ ಗೆಣ್ಣುಗಳ ಮೇಲೆ ಆ ದಿನ ದೇವರು ಮಾಡಿದ ಸಣ್ಣ ಸಣ್ಣ ದಯೆಗಳನ್ನು ಎಣಿಸುತ್ತೇನೆ. ನಲ್ಲಿಯಲ್ಲಿ ನೀರು ಬಂತು, ಒಂದು. ಮಂಡಿ ನೋವು ಕಡಿಮೆಯಿತ್ತು, ಎರಡು. ಹೀಗೆ. ಅವತ್ತು ಬಸ್ ಸ್ಟ್ಯಾಂಡಿನಲ್ಲೇ ಎಣಿಸತೊಡಗಿದೆ, ಇಲ್ಲದಿದ್ದರೆ ಅಳು ಬರುತ್ತಿತ್ತು. ಬಳ್ಳಾರಿ ಬಸ್ಸು ಹೊರಡದೆ ನಿಂತಿತ್ತು, ಒಂದು. ಕಿಟಕಿಯ ಸೀಟು ಸಿಕ್ಕಿತು, ಎರಡು. ತಂಗಿಯ ಗಂಡ ನರಳದೆ ಹೋದ, ಮೂರು. ತಳಕು ದಾಟುತ್ತಿದ್ದಂತೆ ಎಣಿಕೆ ನಿಂತುಹೋಯಿತು. ಅಲ್ಲಿಂದ ಮುಂದೆ ನಮ್ಮ ಅಪ್ಪನ ಊರು ಬರುತ್ತದೆ. ಹೊಲದ ಬದುವಿನಲ್ಲಿ ಎರಡು ಹುಣಸೆಮರಗಳಿವೆ. ಆ ಜಾಗ ಬಂದಾಗಲೆಲ್ಲ ನಾನು ಮುಖವನ್ನು ಬಸ್ಸಿನ ಒಳಗೆ ತಿರುಗಿಸಿಕೊಳ್ಳುತ್ತೇನೆ. ಅವತ್ತೂ ತಿರುಗಿಸಿಕೊಂಡೆ.

ಆ ಎರಡು ಮರಗಳು ನಮ್ಮವ್ವನ ಮೆಹರು.

ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಮೆಹರ್ ಎಂದರೆ ಮದುವೆಯಲ್ಲಿ ಗಂಡು ಹೆಣ್ಣಿಗೆ ಕೊಡಬೇಕಾದದ್ದು. ವರದಕ್ಷಿಣೆಗೆ ತದ್ವಿರುದ್ಧ. ಅದು ಉಡುಗೊರೆಯಲ್ಲ, ದಾನವಲ್ಲ, ಅವಳ ಹಕ್ಕು. ಮದುವೆಯ ದಿನವೇ ಕೊಡಬಹುದು, ಆಮೇಲೆ ಕೊಡುತ್ತೇನೆಂದು ಬರೆಸಲೂಬಹುದು. ಕೊಡದೆ ಸತ್ತರೆ ಅದು ಅವನ ತಲೆಯ ಮೇಲಿನ ಸಾಲ. ನಮ್ಮವರು ಹತ್ತಿ ಹಿಂಜುವ, ಹಾಸಿಗೆ ಹೊಲಿಯುವ ಪಿಂಜಾರರು. ಮನೆಯೊಳಗೆ ಕನ್ನಡ, ಪೇಟೆಯಲ್ಲಿ ಉರ್ದು, ನಮಾಜಿನಲ್ಲಿ ಅರಬ್ಬಿ. ಕೈಯಲ್ಲಿ ಕಾಸಿಲ್ಲದ ನಮ್ಮ ತಾತ ಸೊಸೆಗೆ ಎರಡು ಹುಣಸೆಮರ ಎಂದು ಬರೆಸಿದ್ದರಂತೆ. ಅಪ್ಪ ಪ್ರತಿ ಬೇಸಿಗೆ ಹಣ್ಣು ಉದುರಿಸುವಾಗ "ನಿಮ್ಮವ್ವನ ಮರ, ಅವಳ್ನ ಕೇಳಿ ತಿನ್ರಿ" ಎಂದು ನಗುತ್ತಿದ್ದರು.

ಅಪ್ಪ ತೀರಿಕೊಂಡಾಗ ನನಗೆ ಮದುವೆಯಾಗಿ ಒಂದು ವರ್ಷ. ತಂಗಿ ಇನ್ನೂ ಶಾಲೆಗೆ ಹೋಗುತ್ತಿದ್ದಳು. ಹೆಣಕ್ಕೆ ಸ್ನಾನ ಮಾಡಿಸಿ ಕಫನ್ ಬಟ್ಟೆ ಹೊದಿಸಿ ಮುಖ ಮಾತ್ರ ತೆರೆದಿಟ್ಟಿದ್ದರು. ಚಿಕ್ಕಪ್ಪ ನನ್ನನ್ನು ಪಕ್ಕಕ್ಕೆ ಕರೆದು, "ನಿಮ್ಮವ್ವನ್ ಬಾಯಾಗೆ ಮೆಹರ್ ಮಾಫ್ ಮಾಡ್ದೆ ಅನ್ಸವ್ವ. ಇಲ್ಲಾಂದ್ರೆ ಜನಾಜಾ ಭಾರ ಆಗ್ತೈತೆ, ನಿಮ್ಮಪ್ಪನ್ನ ಮಣ್ಣು ಇಸ್ಕಣಲ್ಲ" ಅಂದರು. ಮಾಫ್ ಎಂದರೆ ಕ್ಷಮೆ, ಬಿಟ್ಟುಕೊಡುವುದು; ಜನಾಜಾ ಎಂದರೆ ಹೆಣ ಹೊತ್ತ ಚಟ್ಟ. ನಾನು ನಂಬಿದೆ. ಅಪ್ಪನ ಮೇಲಿನ ಪ್ರೀತಿಗೆ ನಂಬಿದೆ. ನಾನೇ ಅವ್ವನ ಕೈ ಹಿಡಿದು ಹೆಣದ ಹತ್ತಿರ ಕೂರಿಸಿ, "ಅನ್ನವ್ವಾ, ಅಪ್ಪಂಗೋಸ್ಕರ ಅನ್ನು" ಅಂದೆ. ಅವ್ವ ನನ್ನ ಮುಖ ನೋಡಿದಳು. ಆಮೇಲೆ ಮೂರು ಸಲ ಅಂದಳು. ಬಾಗಿಲ ಬಳಿ ನಿಂತಿದ್ದ ತಂಗಿ ಎಲ್ಲವನ್ನೂ ನೋಡುತ್ತಿದ್ದಳು.

ನಲವತ್ತು ದಿನ ಕಳೆಯುವ ಮೊದಲೇ ಚಿಕ್ಕಪ್ಪ ಮರಗಳನ್ನು ಗುತ್ತಿಗೆಗೆ ಕೊಟ್ಟರು. ಅವ್ವ ಕೇಳಿದ್ದಕ್ಕೆ, "ಮಾಫ್ ಮಾಡೀಯಲ್ಲ, ಮತ್ತೇನು?" ಅಂದರು. ಅವ್ವ ನಮ್ಮಿಬ್ಬರ ಮುಂದೆ ಒಂದೇ ಸಲ ಆ ಮಾತು ಆಡಿದಳು: "ನಾನ್ ಮಾಫ್ ಮಾಡಿದ್ದು ನಿಮ್ಮಪ್ಪನ್ನ ಅಂದ್ಕಂಡಿದ್ದೆ. ನಿಮ್ ಚಿಕ್ಕಪ್ಪಂಗೆ ಮಾಡ್ದಂಗಾತು." ಅವತ್ತಿನಿಂದ ನಾವು ಹುಣಸೆಹಣ್ಣನ್ನು ಪೇಟೆಯಲ್ಲಿ ಕೊಳ್ಳುತ್ತೇವೆ. ಯಾವ ಮರದ್ದೋ ಯಾರಿಗೆ ಗೊತ್ತು.

ತಂಗಿಯ ನಿಕಾಹಿನಲ್ಲಿ ಪರದೆಯ ಹಿಂದೆ ಕೂತಿದ್ದ ಅವ್ವ ಎಂದೂ ಇಲ್ಲದ ದನಿ ತೆಗೆದಳು. ಬೀಗರ ಕಡೆಯವರು ಮೆಹರು ಇಷ್ಟು ಸಾವಿರ ಎಂದು ಬರೆಸಲು ಹೊರಟಿದ್ದರು. ಅವ್ವ, "ನಂಬರ್ ಬ್ಯಾಡ ಕಣ್ರಿ. ನಂಬರ್ ಯಾರೂ ಕೊಡಲ್ಲ. ಮನೆ ಮುಂದಿನ ಅಂಕಣ ಬರೀರಿ" ಅಂದಳು. ಅಂಕಣ ಎಂದರೆ ನಮ್ಮ ಕಡೆಯ ಮಣ್ಣಿನ ಮನೆಗಳಲ್ಲಿ ಎರಡು ಕಂಬಸಾಲುಗಳ ನಡುವಿನ ಜಾಗ. ತಂಗಿಯ ಅತ್ತೆಮನೆ ಮೂರು ಅಂಕಣದ್ದು. ಮುಂದಿನದಕ್ಕೆ ರಸ್ತೆಯ ಕಡೆ ಬಾಗಿಲು. ಗಂಡಸರೆಲ್ಲ ನಕ್ಕರು. ತಂಗಿಯ ಮಾವ ಮಾತ್ರ ನಗದೆ, "ಆ ಅಂಕಣ ನನ್ ಈ ಮಗಂಗೇ ಕೊಟ್ಟೀನಿ. ಬರೀರಿ" ಅಂದರು. ಮಸೀದಿಯ ನಿಕಾಹ್ ಪುಸ್ತಕದಲ್ಲಿ ಹಾಗೇ ಬರೆದರು: ರಸ್ತೆ ಬಾಗಿಲಿನ ಮುಂದಿನ ಒಂದು ಅಂಕಣ, ಆಮೇಲೆ ಕೊಡತಕ್ಕದ್ದು. ಆ ಅಂಕಣದಲ್ಲೇ ತಂಗಿ ಮತ್ತು ಅವಳ ಗಂಡ ಹತ್ತಿ ಹಿಂಜುವ ಮೆಷಿನ್ ಇಟ್ಟುಕೊಂಡು ಇಷ್ಟು ವರ್ಷ ಹಾಸಿಗೆ, ದಿಂಬು ಹೊಲಿದು ಬದುಕಿದ್ದು. ಒಬ್ಬಳೇ ಮಗಳನ್ನು ರಾಯದುರ್ಗಕ್ಕೆ ಕೊಟ್ಟದ್ದೂ ಆ ದುಡಿಮೆಯಲ್ಲೇ. ಮಾವ ಹೋದರು, ನಮ್ಮವ್ವನೂ ಹೋದಳು. "ಆಮೇಲೆ ಕೊಡತಕ್ಕದ್ದು" ಎಂಬುದು ಪುಸ್ತಕದಲ್ಲಿ ಹಾಗೇ ಉಳಿಯಿತು.

ಬಳ್ಳಾರಿ ರಸ್ತೆಯ ಹಾನಗಲ್‌ನಲ್ಲಿ ಇಳಿದು ಇನ್ನೊಂದು ಬಸ್ಸು ಹತ್ತಿ ಮೊಳಕಾಲ್ಮೂರು ಮುಟ್ಟಿದಾಗ ಮನೆಯ ಮುಂದೆ ಶಾಮಿಯಾನ ಹಾಕಿತ್ತು. ಯಜಮಾನರು ಗಂಡಸರ ಕಡೆ ಹೋದರು. ಮುಂದಿನ ಅಂಕಣದಲ್ಲಿ ತಂಗಿಯ ಗಂಡ ಹೊಲಿಯುತ್ತಿದ್ದ ಹಾಸಿಗೆ ಅರ್ಧಕ್ಕೆ ನಿಂತಿತ್ತು, ದಬ್ಬಳ ದಾರದ ಸಮೇತ ಚುಚ್ಚಿದ ಹಾಗೇ ಇತ್ತು. ನಡುವಿನ ಅಂಕಣದಲ್ಲಿ ಹೆಣ. ತಂಗಿಯ ಮಗಳು ರಾಯದುರ್ಗದಲ್ಲಿ ಹಸಿ ಬಾಣಂತಿ, ಬರಲಾಗಿರಲಿಲ್ಲ. ತಂಗಿ ಗೋಡೆಗೆ ಒರಗಿದ್ದಳು. ಅವಳ ಅಳು ಮುಗಿದು ಬರೀ ಬಿಕ್ಕು ಉಳಿದಿತ್ತು. ಪಕ್ಕದಲ್ಲಿ ಅವಳ ಅತ್ತೆ. ಆಕೆ ರಾಯದುರ್ಗದ ಕಡೆಯವರು, ಎಂಬತ್ತರ ಹತ್ತಿರ, ಅರ್ಧ ಕನ್ನಡ ಅರ್ಧ ತೆಲುಗು. ಮಗನ ಹೆಣದ ಮುಂದೆ ಕೂತು "ನಾ ಕೊಡುಕಾ, ನಾ ಕೊಡುಕಾ" ಎನ್ನುತ್ತಿದ್ದರು, ನನ್ನ ಮಗನೇ ಎಂದು.

ಮುಖ ತೋರಿಸುವ ಹೊತ್ತಾಯಿತು. ಇಬ್ಬರು ಹೆಂಗಸರು ತಂಗಿಯ ರಟ್ಟೆ ಹಿಡಿದು ಎಬ್ಬಿಸಿದರು. ಮುಂದೇನೆಂದು ನನಗೆ ಗೊತ್ತಿತ್ತು.

"ಅನ್ನವ್ವ, ಮೆಹರ್ ಮಾಫ್ ಮಾಡ್ದೆ ಅನ್ನು."

"ಮೂರು ಸಲ ಅನ್ನು. ಜನಾಜಾ ಎತ್ಬೇಕು, ಹೊತ್ತಾತು."

ಅತ್ತೆ ತಂಗಿಯ ಗಲ್ಲ ಹಿಡಿದು ಬೇಡಿಕೊಂಡರು, "ಚೆಪ್ಪಮ್ಮಾ, ಹೇಳು ನನ್ ತಾಯಿ. ನನ್ ಮಗ ಗೋರಿ ಒಳಗೆ ಸಿಕ್ಕಾಕಂತಾನೆ. ಒಂದ್ ಮಾತು."

ಆ ಮುದುಕಿಯ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅದೇ ಭಯವನ್ನು ನಾನೂ ಒಂದು ದಿನ ಉಂಡವಳು. ಸಿಟ್ಟು ಬಂದದ್ದು ಬಾಗಿಲ ಬಳಿ ಬಂದು ನಿಂತು, ಕತ್ತು ಉದ್ದ ಮಾಡಿ ಕೇಳಿಸಿಕೊಳ್ಳುತ್ತಿದ್ದವನ ಮೇಲೆ. ತೀರಿಕೊಂಡವನ ಅಣ್ಣ. ತಮ್ಮನ ಮುಖ ನೋಡಲು ಅಲ್ಲ, ತಮ್ಮನ ಹೆಂಡತಿಯ ಬಾಯಿ ನೋಡಲು ಬಂದಿದ್ದ.

ತಂಗಿ ನನ್ನ ಕಡೆ ತಿರುಗಿದಳು. "ಅಕ್ಕಾ, ಅವತ್ತು ಅವ್ವನ್ ಕೈಲಿ ನೀನೇ ಅನ್ಸಿದ್ದಲ್ಲ. ನಾನೂ ಅನ್ಲಾ?"

ಅವಳು ಚುಚ್ಚಿ ಕೇಳಲಿಲ್ಲ. ಸುಮ್ಮನೆ ಕೇಳಿದಳು. ಅದಕ್ಕೇ ಅಷ್ಟು ಉರಿಯಿತು.

"ಅನ್ಬ್ಯಾಡ," ಅಂದೆ.

ಎಲ್ಲರೂ ಒಟ್ಟಿಗೆ ನನ್ನ ಮೇಲೆ ಬಿದ್ದರು. "ಏನವ್ವ ಇದು, ಹೆಣದ್ ಮುಂದೆ ವ್ಯಾಪಾರ?" ಅಂದಳೊಬ್ಬಳು. "ಚಳ್ಳಕೆರಿಯಾಗೆ ಎಣ್ಣಿ ಅಳದಂಗಲ್ಲ ಇದು," ಅಂದಳು ಇನ್ನೊಬ್ಬಳು. ನಾನೂ ಬಾಯಿ ಹೊಲಿದುಕೊಂಡಿರಲಿಲ್ಲ.

"ವ್ಯಾಪಾರ ಸುರು ಮಾಡಿದ್ದು ನಾನಾ? ಗಂಡ ಸತ್ತು ಇನ್ನೂ ಅರ್ಧ ದಿನ ಆಗಿಲ್ಲ, ಬಿಟ್ಕೊಡು ಬಿಟ್ಕೊಡು ಅಂತ ಆಕೆ ಕುತ್ತಿಗಿ ಮ್ಯಾಲೆ ಕುಂತೋರು ಯಾರು? ಸಾಲ ಇದ್ದೋನ್ ಹೆಣ ಬಂದ್ರೆ ನಮ್ ಪ್ರವಾದಿಗಳು ಏನ್ ಕೇಳ್ತಿದ್ರು ಗೊತ್ತಾ? ಸಾಲ ಕೊಟ್ಟೋರ್ನ ಕರ್ದು ಮಾಫ್ ಮಾಡು ಅಂತಿರ್ಲಿಲ್ಲ. ಈ ಸಾಲ ಯಾರು ಹೊರ್ತೀರಿ ಅಂತ ಗಂಡಸ್ರನ್ನ ಕೇಳ್ತಿದ್ರು! ಕೇಳ್ರಿ ಈಗ. ಬಾಗಿಲಾಗೆ ನಿಂತವ್ರಲ್ಲ ಅಣ್ಣಾವ್ರು, ಅವ್ರನ್ನ ಕೇಳ್ರಿ. ತಮ್ಮನ್ ಸಾಲ ಹೊರ್ತೀರಾ ಅಂತ!"

ಅವನು ನನ್ನನ್ನು ನೋಡಲೇ ಇಲ್ಲ. ಹಿಂದಕ್ಕೆ ತಿರುಗಿ, ಶಾಮಿಯಾನದಡಿ ಕಾಯುತ್ತಿದ್ದ ಗಂಡಸರಿಗೆ ಕೇಳುವಂತೆ ಕೂಗಿದ: "ಮಾಫ್ ಆಯ್ತು! ಬರ್ರಪ್ಪಾ, ಎತ್ರಿ!"

ತಂಗಿ ಬಾಯಿ ತೆರೆದಿರಲಿಲ್ಲ. ಆದರೆ ಅವಳ ಮಾತನ್ನು ಅವನು ಆಡಿ ಮುಗಿಸಿದ. ಹೆಂಗಸರು ಪಕ್ಕಕ್ಕೆ ಸರಿದರು, ಗಂಡಸರು ಒಳಗೆ ಬಂದರು, ನಾಲ್ಕು ಜನ ಎತ್ತಿದರು. ನಾನು ಕಣ್ಣಾರೆ ನೋಡಿದೆ. ಜನಾಜಾ ಭಾರ ಆಗಲಿಲ್ಲ. ಸಣ್ಣ ಮೈಯ ಮನುಷ್ಯ, ಹತ್ತಿಯ ಧೂಳು ಕುಡಿದು ಬಡಕಲಾಗಿದ್ದವನು. ಹೂವಿನಂತೆ ಎದ್ದು ಹೋದ.

ಯಜಮಾನರು ಮಣ್ಣು ಮುಗಿಸಿ ಊರಿಗೆ ಹೋದರು. ನಾನು ಉಳಿದೆ. ಆ ಸಂಜೆ ನಮಾಜಾದ ಮೇಲೆ ಎಣಿಸಲು ಕೂತರೆ ಬೆರಳು ಮಡಚಲೇ ಇಲ್ಲ. ದೇವರೇ, ಇವತ್ತು ಬೇಡ ಅಂದೆ.

ನನಗೆ ಈ ಕಾನೂನೆಲ್ಲ ಹುಟ್ಟಾ ಗೊತ್ತಿದ್ದದ್ದಲ್ಲ. ನಮ್ಮ ಓಣಿಯಲ್ಲಿ ಒಬ್ಬ ಆಪಾ, ಎಂದರೆ ಧರ್ಮದ ಓದು ಓದಿದ ಅಕ್ಕ, ವಾರಕ್ಕೊಮ್ಮೆ ಹೆಂಗಸರಿಗೆ ಕನ್ನಡದಲ್ಲಿ ಪಾಠ ಹೇಳುತ್ತಾರೆ. ಕೆಲವು ವರ್ಷಗಳ ಹಿಂದೆ ಅವರು ಸತ್ತವರ ಆಸ್ತಿಯ ಪಾಠ ಮಾಡಿದರು. ಮೊದಲು ಕಫನಿನ ಖರ್ಚು. ಎರಡನೆಯದು ಸಾಲ, ಹೆಂಡತಿಯ ಮೆಹರೂ ಸಾಲವೇ. ಮೂರನೆಯದು ಅವನು ಏನಾದರೂ ಯಾರಿಗಾದರೂ ಬರೆದಿಟ್ಟಿದ್ದರೆ ಅದು, ಅದೂ ಮೂರನೇ ಒಂದು ಭಾಗ ಮೀರಬಾರದು. ಇವೆಲ್ಲ ಆದಮೇಲೆ ಉಳಿದರೆ ವಾರಸುದಾರರ ಪಾಲು. ಈ ಸಾಲು ಹಿಂದುಮುಂದಾಗುವಂತಿಲ್ಲ. ಮಾಫ್ ಎನ್ನುವುದು ಇದೆ, ಆದರೆ ಹೆಣ್ಣು ಮನಸಾರೆ, ಯಾರ ಒತ್ತಾಯವೂ ಇಲ್ಲದೆ, ತಾನಾಗಿ ಬಿಟ್ಟರೆ ಮಾತ್ರ. ಕುತ್ತಿಗೆ ಹಿಡಿದು ಬಿಡಿಸಿದ್ದು ಮಾಫ್ ಅಲ್ಲ. ನಾನು ಕೈ ಎತ್ತಿ, "ಹೆಣದ ಮುಂದೆ ಅನ್ಸಿದ್ರೆ?" ಎಂದು ಕೇಳಿದೆ. ಆಪಾ ನನ್ನನ್ನೇ ನೋಡಿ, "ಅದು ಯಾವ ಕಾನೂನಲ್ಲೂ ಇಲ್ಲ. ಅದು ನಮ್ಮ ಜನದ ರೂಢಿ" ಅಂದರು. ಅವತ್ತು ಮನೆಗೆ ಬಂದು ಅನ್ನ ಸೀಯಿಸಿದೆ. ಅಷ್ಟರಲ್ಲಿ ಅವ್ವ ಹೋಗಿ ಎರಡು ವರ್ಷವಾಗಿತ್ತು.

ಮಾರನೆಯ ದಿನ ಸಾವಿನ ಮನೆಯಲ್ಲಿ ಒಲೆ ಹಚ್ಚಲಿಲ್ಲ. ಪಕ್ಕದ ಮನೆಯಲ್ಲಿ ರೇಷ್ಮೆ ಸೀರೆ ನೇಯುವವರಿದ್ದಾರೆ. ಆ ಮನೆಯಾಕೆ ಮಗ್ಗ ನಿಲ್ಲಿಸಿ ಅನ್ನ, ಬೇಳೆ ಸಾರು ತಂದುಕೊಟ್ಟು ನನ್ನ ಪಕ್ಕ ಕೂತರು. ನಿನ್ನೆಯ ಗಲಾಟೆ ಗೋಡೆಯಾಚೆಗೂ ಕೇಳಿಸಿತ್ತು.

"ನಮ್ಮೋರಲ್ಲೂ ಹಂಗೇ ಕಣಮ್ಮಾ," ಅಂದರು. "ಅಣ್ತಮ್ಮಂದಿರು ನಗ್ತಾ ನಗ್ತಾ ಆಫೀಸಿಗೆ ಕರ್ಕಂಡೋಗ್ತಾರೆ, ಹಕ್ಕು ಬಿಟ್ಟೆ ಅಂತ ಸಹಿ ಹಾಕ್ಸ್ಕಂತಾರೆ. ಬರ್ತಾ ಒಂದ್ ಸೀರೆ. ಅದೂ ನಾವೇ ನೇಯ್ದಿದ್ದು!"

ಹೆಣ ಎತ್ತಿದ ಮೇಲೆ ತಂಗಿ ಮೊದಲ ಸಲ ಬಾಯಿ ತೆರೆದದ್ದು ಆಗ. "ನಿಮ್ಮಲ್ಲಿ ಹೆಬ್ಬೆಟ್ಟು, ನಮ್ಮಲ್ಲಿ ಬಾಯಿ," ಅಂದಳು. ಮೂವರೂ ನಕ್ಕೆವು. ಸಾವಿನ ಮನೆಯಲ್ಲಿ ನಗಬಾರದು ಎಂದು ನೆನಪಾಗಿ ಸೆರಗು ಬಾಯಿಗಿಟ್ಟುಕೊಂಡೆವು.

ಆಕೆ ಹೋದಮೇಲೆ ತಂಗಿಯನ್ನು ಕೇಳಿದೆ. "ನೋಡವ್ವ, ನಿನ್ನ ಅಂಕಣ. ಬಿಡ್ತೀನಿ ಅಂದ್ರೆ ನಿನ್ನಿಷ್ಟ, ನಾನ್ ಬಾಯಿ ಹಾಕಲ್ಲ. ಮನಸಾರೆ ಬಿಡ್ತೀಯಾ?"

"ಮಗಳ್ ಮನಿಗೆ ಹೋಗಿ ಬಾಗ್ಲಾಗ್ ಕೂರ್ಲಾ ಅಕ್ಕ? ನಂಗೆ ಬರೋದು ಹತ್ತಿ ಕೆಲ್ಸ ಒಂದೇ. ಮೆಷಿನ್ ಅಲ್ಲೈತೆ. ರಸ್ತೆ ಬಾಗ್ಲು ಅಲ್ಲೈತೆ. ಬಿಡಲ್ಲ." ಸೆರಗಿನಿಂದ ಮುಖ ಒರೆಸಿಕೊಂಡು, "ಆದ್ರೆ ಎಲ್ರೂ ಮಾಫ್ ಆಯ್ತು ಅಂತ ಕೇಳಿಸ್ಕಂಡವ್ರೆ. ನಾನ್ ಅಂದಿಲ್ಲ ಅಂದ್ರೆ ಯಾರ್ ನಂಬ್ತಾರೆ?" ಅಂದಳು.

ಮೂರನೆಯ ದಿನ ಬೆಳಿಗ್ಗೆ ಗಂಡಸರು ಗೋರಿಗೆ ಹೂ ಹಾಕಿ ಬಂದು ಅಂಗಳದಲ್ಲಿ ಕೂತರು. ಮಸೀದಿಯ ಇಮಾಮರೂ ಇದ್ದರು, ವಯಸ್ಸಾದವರು, ನಾವೆಲ್ಲ ಹಜರತ್ ಎನ್ನುತ್ತೇವೆ. ನಾನು ಒಳಗೆ ಚಹಾ ಸೋಸುತ್ತಿದ್ದೆ. ಮುಂದಿನ ಅಂಕಣದಲ್ಲಿ ಏನೋ ಎಳೆದಾಡುವ ಸದ್ದು. ಹೋಗಿ ನೋಡಿದರೆ ಅಣ್ಣನಾದವನು ಹತ್ತಿಯ ಮೂಟೆಗಳನ್ನು ಗೋಡೆಗೆ ಸರಿಸಿ, ರಸ್ತೆ ಬಾಗಿಲಿಗೆ ಹೊಸ ಬೀಗ ಹಾಕಿ ಎಳೆದು ನೋಡುತ್ತಿದ್ದ. ಅರ್ಧ ಹೊಲಿದ ಹಾಸಿಗೆ ಮೂಲೆಯಲ್ಲಿ ಮಡಚಿ ಬಿದ್ದಿತ್ತು. ದಬ್ಬಳ ಎಲ್ಲಿ ಹೋಯಿತೋ.

"ಏನಣ್ಣಾ ಇದು?"

"ಬೇಕರಿಯೋರು ಬಾಡ್ಗಿಗೆ ಕೇಳ್ಯಾರೆ. ಖಾಲಿ ಬಿದ್ದು ಯಾಕೆ ಹಾಳಾಗ್ಬೇಕು?"

"ಆ ಅಂಕಣ ನನ್ ತಂಗಿ ಮೆಹರು."

"ಮಾಫ್ ಆಗೈತಲ್ಲ. ಇಡೀ ಜಮಾತ್ ಕೇಳೈತೆ."

ಅಲ್ಲಿಯವರೆಗೆ ಅವನನ್ನು ಬಹುವಚನದಲ್ಲೇ ಮಾತಾಡಿಸಿದ್ದೆ. "ಜಮಾತ್ ಕೇಳಿದ್ದು ನಿನ್ ಬಾಯಿ," ಅಂದೆ. "ಆಕೀದಲ್ಲ."

ಈ ಮನುಷ್ಯನ ಬಗ್ಗೆ ಒಂದು ಮಾತು ಹೇಳಬೇಕು, ಇಲ್ಲದಿದ್ದರೆ ನನ್ನ ಸಿಟ್ಟು ನಿಮಗೆ ಅರ್ಥವಾಗುವುದಿಲ್ಲ. ಅವನು ಐದು ಹೊತ್ತು ನಮಾಜು ಬಿಟ್ಟವನಲ್ಲ. ಬಡ್ಡಿ ಹರಾಮ್ ಎಂದು ಸಾಲ ತೆಗೆದವನಲ್ಲ. ಬ್ಯಾಂಕಿನಲ್ಲಿಟ್ಟ ದುಡ್ಡಿಗೆ ತಾನಾಗಿ ಬಡ್ಡಿ ಬಿದ್ದರೆ ಅದನ್ನು ಕೈಯಿಂದ ಮುಟ್ಟದೆ ಯಾರದಾದರೂ ಕಕ್ಕಸು ಕಟ್ಟಿಸಲು ಕೊಡುತ್ತಾನೆ, ಕೊಟ್ಟದ್ದನ್ನು ನಾಲ್ಕು ಜನರಿಗೆ ಹೇಳುತ್ತಾನೆ. ಅವನ ಅಂಗಡಿಯ ತೂಕದಲ್ಲಿ ಮೋಸವಿಲ್ಲ. ಬಡವರ ಪಾಲಿನ ಜಕಾತ್ ಸರಿಯಾಗಿ ತೆಗೆಯುತ್ತಾನೆ. ಬ್ಯಾಂಕಿನ ಹತ್ತು ರೂಪಾಯಿ ಹೊಟ್ಟೆಗೆ ಹೋದರೆ ಬೆಂಕಿ ತಿಂದಂತೆ ಎಂದು ಹೆದರುವವನಿಗೆ ತಮ್ಮನ ವಿಧವೆಯ ಅಂಕಣ ಮಾತ್ರ ಸಲೀಸಾಗಿ ಇಳಿಯುತ್ತಿತ್ತು. ಗಂಟಲಲ್ಲಿ ಮುಳ್ಳೂ ಸಿಗಲಿಲ್ಲ. ಕಳ್ಳನಾಗಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

ನಾನು ಚಹಾದ ತಟ್ಟೆ ಹಿಡಿದೇ ಅಂಗಳದ ಬಾಗಿಲಿಗೆ ಬಂದೆ. ಪರದೆ ಎಳೆದಿತ್ತು. ಪರದೆಯ ಈಚೆ ನಿಂತೇ ಕೇಳಿದೆ. "ಹಜರತ್, ನಿಕಾಹ್ ಪುಸ್ತಕದಾಗೆ ನನ್ ತಂಗಿ ಮೆಹರು ಏನಂತ ಬರದೈತೆ?"

ಅವರು, "ಮುಂದಿನ ಅಂಕಣ ಅಂತೈತಮ್ಮ. ನಾನೇ ಬರದಿದ್ದು" ಅಂದರು.

"ಗಂಡ ಕೊಡ್ದೆ ಸತ್ರೆ ಅದು ಏನಾಗ್ತೈತೆ?"

"ಸಾಲ."

"ಹಂಗಾದ್ರೆ ಹೇಳ್ರಿ. ಪಾಲು ಮೊದ್ಲಾ, ಸಾಲ ಮೊದ್ಲಾ?"

"ಸಾಲ ಮೊದ್ಲು."

"ಇಷ್ಟೆಲ್ಲ ಗೊತ್ತಿದ್ದೋರು ಮೊನ್ನೆ ಶಾಮಿಯಾನದಾಗೆ ಕುಂತಿದ್ರಿ. ಒಳಗೆ ಮಾಫ್ ಅನ್ನು ಅನ್ನು ಅಂತ ಹೆಂಗಸ್ರು ಅರಚ್ತಿದ್ದಿದ್ದು ನಿಮ್ ಕಿವಿಗೂ ಬಿದ್ದಿರ್ತೈತೆ. ಶುಕ್ರವಾರ ಶುಕ್ರವಾರ ಬಡ್ಡಿ ಹರಾಮ್ ಅಂತ ಗಂಟೆಗಟ್ಲೆ ಹೇಳ್ತೀರಿ. ಹೆಂಗಸಿನ ಮೆಹರ್ ತಿಂದ್ರೆ ಏನು ಅಂತ ಒಂದ್ ಶುಕ್ರವಾರ ಹೇಳ್ರಲ್ಲ!"

ಯಾರೋ "ಏಯ್, ಹಜರತ್ ಜೊತಿ ಹಂಗ್ ಮಾತಾಡ್ತಾರಾ?" ಅಂದರು. ಹಜರತ್ ಕೈ ಎತ್ತಿ ತಡೆದರು. "ಇರ್ಲಿ. ತಪ್ಪಾಗೈತೆ. ಎಲ್ರೂ ಹಂಗೇ ಮಾಡ್ತಾರೆ ಅಂತ ನಾನೂ ಸುಮ್ನಿದ್ದೆ," ಅಂದರು. ಆಮೇಲೆ ಅಣ್ಣನ ಕಡೆ ತಿರುಗಿ ಬೆರಳೆಣಿಸಿ ಹೇಳಿದರು. ಮೆಹರಿನ ಅಂಕಣ ಪಾಲಿಗೆ ಬರುವುದೇ ಇಲ್ಲ. ಅದು ಬಿಟ್ಟು ತಮ್ಮನ ಹೆಸರಿನಲ್ಲಿ ಉಳಿದದ್ದನ್ನು ಇಪ್ಪತ್ನಾಲ್ಕು ಭಾಗ ಮಾಡಿದರೆ ಮಗಳಿಗೆ ಹನ್ನೆರಡು, ತಾಯಿಗೆ ನಾಲ್ಕು, ಹೆಂಡತಿಗೆ ಮೂರು, ಗಂಡುಮಗ ಇಲ್ಲದ್ದರಿಂದ ಉಳಿದ ಐದು ಅಣ್ಣನಿಗೆ. ಕಾನೂನು ಅವನನ್ನೂ ಮರೆತಿರಲಿಲ್ಲ. ಅವನಿಗೆ ಐದು ಸಾಲದಾಗಿತ್ತು.

"ಅದೆಲ್ಲ ಸರಿ ಹಜರತ್," ಅಂದ ಅವನು. "ಆದ್ರೆ ಆಕೆ ಮಾಫ್ ಮಾಡ್ಯಾಳಲ್ಲ. ನಾನ್ ಬಾಗ್ಲಾಗೆ ನಿಂತು ಕೇಳೀನಿ. ಅಮ್ಮನೂ ಅಲ್ಲೇ ಇದ್ಲು. ಅಮ್ಮಾ, ಹೇಳಮ್ಮಾ."

ಎಲ್ಲರೂ ಪರದೆಯ ಕಡೆ ನೋಡಿದರು. ಅತ್ತೆ ಒಳಗೆ ಕಂಬಕ್ಕೆ ಒರಗಿ ಕೂತಿದ್ದರು. ತಂಗಿ ಅವರ ಪಕ್ಕದಲ್ಲೇ. ಇರುವ ಮಗನ ಅನ್ನ ತಿನ್ನಬೇಕಾದ ತಾಯಿ. ಆಕೆ ಒಂದು ಸಲ ಹೂಂ ಅಂದರೆ ಮುಗಿಯಿತು.

ಆಕೆ ಕಂಬ ಬಿಟ್ಟು ನೆಟ್ಟಗೆ ಕೂತರು. ಆಮೇಲೆ, "ಚೆಪ್ಪಲೇದು ರಾ," ಅಂದರು. ತೆಲುಗಿನಲ್ಲಿ ಹಾಗೆಂದರೆ ಅವಳು ಹೇಳಲಿಲ್ಲ ಕಣೋ ಎಂದು.

"ಅಮ್ಮಾ!"

"ಹೇಳ್ಲಿಲ್ಲ ಕಣೋ. ಗಲ್ಲ ಹಿಡ್ಕಂಡಿದ್ದೋಳು ನಾನು. ತುಟಿ ಆಡ್ಸಲಿಲ್ಲ ಆಕೆ. ನೀನು ಸುಳ್ಳು ಕೂಗ್ದೆ. ನನ್ ಮಗನ್ನ ಸಾಲದ ಸಮೇತ ಮಣ್ಣಾಗಿಟ್ಟು ಬಂದ್ರಲ್ಲೋ! ಮೂರ್ ದಿನದಿಂದ ಅವ್ನು ಅಲ್ಲಿ ಹೆಂಗವ್ನೋ ಏನೋ. ತೀರಿಸ್ರೋ. ಆ ಬೀಗದ ಕೈ ಕೊಡೋ ಆಕಿಗೆ!"

ಆ ಮುದುಕಿಗೆ ಪಾಲೂ ಗೊತ್ತಿರಲಿಲ್ಲ, ಇಪ್ಪತ್ನಾಲ್ಕೂ ಗೊತ್ತಿರಲಿಲ್ಲ. ಸಾಲವಿದ್ದರೆ ಮಗನಿಗೆ ಗೋರಿಯಲ್ಲಿ ನೆಮ್ಮದಿಯಿಲ್ಲ ಎಂಬುದೊಂದೇ ಗೊತ್ತಿತ್ತು. ಅದೇ ಭಯಕ್ಕೆ ಮೊನ್ನೆ ಸೊಸೆಯ ಗಲ್ಲ ಹಿಡಿದಿದ್ದರು, ಅದೇ ಭಯಕ್ಕೆ ಇವತ್ತು ಮಗನ ಮುಖಕ್ಕೆ ಉಗಿದರು.

ಅವನು ಬೀಗದ ಕೈಯನ್ನು ಕೈಗೆ ಕೊಡಲಿಲ್ಲ. ಪರದೆಯ ಕೆಳಗಿನಿಂದ ಒಳಗೆ ಎಸೆದು ಹೊರಟುಹೋದ. ಅದು ಕಲ್ಲಿನ ಮೇಲೆ ಜಾರಿ ನನ್ನ ಕಾಲಿನ ಹತ್ತಿರ ಬಂತು. ನಾನು ಬಗ್ಗಲಿಲ್ಲ. ಅದನ್ನು ಎತ್ತಬೇಕಾದವಳು ನಾನಲ್ಲ. ತಂಗಿ ಎದ್ದು ಬಂದು ತೆಗೆದುಕೊಂಡಳು, ಸೆರಗಿನ ತುದಿಗೆ ಗಂಟು ಹಾಕಿದಳು. ಆಮೇಲೆ ಮುಂದಿನ ಅಂಕಣಕ್ಕೆ ಹೋಗಿ ದಬ್ಬಳ ಹುಡುಕತೊಡಗಿದಳು. ಗಂಡ ಸತ್ತವಳು ನಾಲ್ಕು ತಿಂಗಳು ಹತ್ತು ದಿನ ಹೊರಗೆ ಹೋಗುವಂತಿಲ್ಲ, ಆದರೆ ಹಾಸಿಗೆ ಹೊಲಿಯಲು ಹೊರಗೆ ಹೋಗಬೇಕಿಲ್ಲವಲ್ಲ.

"ಯಾರ್ದೋ ಹಾಸಿಗೆ ಅಕ್ಕ, ಮದ್ವಿಗೆ ಬೇಕಂತಿದ್ರು," ಅಂದಳು.

ಮಸೀದಿಯ ಕಾಗದದಲ್ಲಿ ಇನ್ನೂ ಹಜರತ್ ಎರಡು ಸಾಲು ಬರೆಯಬೇಕು, ಆಮೇಲೆ ಸರ್ಕಾರದ ದಾಖಲೆ. ಅಣ್ಣ ಸುಮ್ಮನಿರುತ್ತಾನೆಂದು ನನಗೆ ನಂಬಿಕೆಯಿಲ್ಲ. ತ್ರಾಸು ಇನ್ನೂ ಇದೆ. ಆದರೆ ಬೀಗದ ಕೈ ತಂಗಿಯ ಸೆರಗಿನಲ್ಲಿದೆ.

ವಾಪಸು ಬರುವಾಗ ಕಿಟಕಿಯ ಸೀಟೇ ಸಿಕ್ಕಿತು. ಹುಣಸೆಮರಗಳು ಬಂದವು. ಈ ಸಲ ಮುಖ ತಿರುಗಿಸಲಿಲ್ಲ. ಯಾರೋ ಕೋಲಿನಿಂದ ಹಣ್ಣು ಬಡಿಯುತ್ತಿದ್ದರು, ಕೆಳಗೆ ಟಾರ್ಪಾಲು ಹಾಸಿತ್ತು. ತಂಗಿಯ ಅಂಕಣ ಉಳಿಯಿತೆಂದು ನನ್ನ ಹೊಟ್ಟೆ ತಣ್ಣಗಾಗಬೇಕಿತ್ತು. ಆಗಲಿಲ್ಲ. ಚಿಕ್ಕಪ್ಪನ ಮೇಲೆ ಸಿಟ್ಟು, ಅವತ್ತು ಅಲ್ಲಿ ಕೂತಿದ್ದ ಎಲ್ಲ ಬಿಳಿ ಟೋಪಿಗಳ ಮೇಲೆ ಸಿಟ್ಟು, ಅವ್ವನ ಕೈ ಹಿಡಿದ ಆ ಇಪ್ಪತ್ತರ ಹುಡುಗಿಯ ಮೇಲೆ ಎಲ್ಲಕ್ಕಿಂತ ಹೆಚ್ಚು. ಅವ್ವ ಬದುಕಿರುವ ತನಕ ಆ ವಿಷಯ ಎತ್ತಿ, ತಪ್ಪಾಯ್ತವ್ವ, ಮಾಫ್ ಮಾಡು ಎಂದು ನಾನು ಒಂದು ದಿನವೂ ಕೇಳಲಿಲ್ಲ. ಕೇಳಿದ್ದರೆ ಅವಳು ನಗುತ್ತಿದ್ದಳೋ ಏನೋ, ಆ ಪದಕ್ಕೆ.

ಮನೆಗೆ ಬಂದಾಗ ಯಜಮಾನರು ಮಿಲ್ಲಿನಿಂದ ಬಂದು ಕಾಲು ಚಾಚಿ ಕೂತಿದ್ದರು. ಬುರ್ಖಾ ತೆಗೆಯುವ ಮೊದಲೇ ಕೇಳಿದೆ.

"ನನ್ ಮೆಹರು ಒಂದ್ ಜೊತೆ ಬೆಳ್ಳಿ ಕಾಲ್ಕಡಗ ಅಂತ ಬರ್ಸಿದ್ರಿ. ಎಲ್ಲೈತೆ?"

ಅವರು ಬೆಚ್ಚಿದರು. "ನೀನು ಯಾವತ್ತೂ ಕೇಳ್ಲೇ ಇಲ್ವಲ್ಲೇ!"

"ಕೇಳ್ದಿದ್ರೆ ಸಾಲ ಸಾಯ್ತೈತಾ? ಈಗ್ಲೇ ಹೇಳಿರ್ತೀನಿ, ಹೆಣದ ಮುಂದೆ ನನ್ ಬಾಯಿಂದ ಒಂದ್ ಮಾತೂ ಬರಲ್ಲ. ಬದುಕಿದ್ದಾಗ್ಲೇ ಕೊಡ್ರಿ."

"ಆಯ್ತು ಮಾರಾಯ್ತಿ. ಮೂರು ದಿನ ಆತು ಕೈಯಾರೆ ಟೀ ಕಾಸ್ಕಂಡು. ಮೊದ್ಲು ಒಂದ್ ಲೋಟ ಟೀ ಕೊಡು, ಆಮ್ಯಾಲೆ ವಸೂಲಿ ಮಾಡು."

ಟೀ ಕೊಟ್ಟೆ. ಕುಡಿದು ಲೋಟ ಕೆಳಗಿಡುತ್ತಾ, "ಈಗ ಆ ಕಡಗ ಹಾಕ್ಕಂಡು ಎಲ್ಲಿ ಕುಣೀತೀಯ?" ಅಂದರು. "ಕುಣೀಲಿ, ಬಿಡ್ಲಿ, ನಂದು," ಅಂದೆ. ಅವರು ನಕ್ಕರು. ನಾನು ನಗಲಿಲ್ಲ. ಆಮೇಲೆ ಅವರು ಅಕ್ಕಸಾಲಿಗರ ಅಂಗಡಿ ಯಾವತ್ತು ರಜೆ ಎಂದು ಕೇಳಿದರು.

ಅಂಗಳಕ್ಕೆ ಹೋದೆ. ಗೋಣಿತಾಟು ಇರಲಿಲ್ಲ. ಇರುವೆ ಮುತ್ತಿತೋ, ಮೇಕೆ ತಿಂದಿತೋ ಎಂದುಕೊಂಡೆ. ಪಕ್ಕದ ಮನೆಯ ಗೌಡಶಾನಿ ಗೋಡೆಯ ಮೇಲಿಂದ ಇಣುಕಿ, "ನಿಮ್ ಹುಳಿ ನಮ್ ಪಡಸಾಲೆಯಾಗೈತೆ. ಮೋಡ ಆಗಿತ್ತು, ಎತ್ತಿಟ್ಟೆ. ಬೀಜ ಮಾತ್ರ ಬಿಡ್ಸಿಲ್ಲ, ಅದ್ನ ನೀನೇ ಮಾಡ್ಕೋ" ಅಂದರು. ಒಂದು, ಅಂದೆ ಮನಸ್ಸಿನಲ್ಲಿ. ಅತ್ತೆ ಬಾಯಿಬಿಟ್ಟದ್ದು ಎರಡು. ಮೂರನೆಯದಕ್ಕೆ ಹೆಬ್ಬೆರಳು ಗೆಣ್ಣಿನ ಮೇಲೇ ನಿಂತಿತು. ಇರಲಿ, ಸಂಜೆಗೆ ನೋಡೋಣ.

ಹುಳಿ ತಂದು ಸುರಿದುಕೊಂಡು ಕೂತೆ. ಮೂರು ದಿನ ಬಿಟ್ಟದ್ದಕ್ಕೆ ಹಣ್ಣು ಒಣಗಿ ಗಟ್ಟಿಯಾಗಿತ್ತು. ಕಲ್ಲು ಎತ್ತಿ ಜಜ್ಜಿದೆ. ಬೀಜ ಚಿಮ್ಮಿ ಗೋಡೆಗೆ ಬಡಿಯಿತು.